ಅಣುವನ್ನು ತೂಗಿದ ಕಾಯಕಜೀವಿ ಜಾನ್ ಫೆನ್

ಧಾನ್ಯವನ್ನು ತೂಗಲು ತಕ್ಕಡಿ ಸಾಕು. ಚಿನ್ನವನ್ನು ತೂಗಲು ನಮ್ಮ ಹಿರಿಯರು ಗುಲಗಂಜಿಯನ್ನು ಬಳಸುತ್ತಿದ್ದರು. ಆದರೆ ಕಣ್ಣಿಗೆ ಗೋಚರಿಸದ ಅಣುವೊಂದನ್ನು ತೂಗುವುದು ಹೇಗೆ? ಈ ಪ್ರಶ್ನೆಗೆ ಉತ್ತರವೀಯುವ ಶಾಸ್ತ್ರವೇ ದ್ರವ್ಯರಾಶಿ ರೋಹಿತಮಾಪನ, ಅರ್ಥಾತ್ ಮಾಸ್ ಸ್ಪೆಕ್ಟ್ರೊಮೆಟ್ರಿ. ಈ ಶಾಸ್ತ್ರಕ್ಕೆ ಹೊಸ ತಿರುವನ್ನು ಕೊಟ್ಟ ಅಮೆರಿಕದ ರಸಾಯನವಿಜ್ಞಾನಿ ಜಾನ್ ಬೆನೆಟ್ ಫೆನ್ ಅವರ ಜೀವನವು ಅಧ್ಯಾಪಕರಿಗೂ ವಿದ್ಯಾಭಿಮಾನಿಗಳಿಗೂ ಮನನಯೋಗ್ಯವಾದುದು.

ದುಡಿಮೆಯೊಡನೆ ವಿದ್ಯೆ

ಫೆನ್ ಅವರು 1917ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಅವರ ಕುಟುಂಬವು ಕೆಂಟಕಿ ರಾಜ್ಯದ ಬೆರಿಯ ಎಂಬ ಊರಿಗೆ ಬಂದು ನೆಲೆಸಿತು. ಅಲ್ಲಿನ ಬೆರಿಯ ಕಾಲೇಜು ಬೋಧನಾಶುಲ್ಕವನ್ನು ಪಡೆಯದ ಸಂಸ್ಥೆ. ಅಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ವ್ಯಾಸಂಗದೊಡನೆ ಕೆಲಸವನ್ನೂ ಮಾಡಬೇಕು. ಬಡವರ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡುವ ಶ್ರೀಮಠಗಳ ನೆರಳಿನಲ್ಲಿ ಬೆಳೆದ ನಮಗೆ ಇಂತಹ ಸಂಸ್ಥೆಯ ಆಶಯವನ್ನು ವಿವರಿಸಿ ಹೇಳಬೇಕಾಗಿಲ್ಲ. 1937ರಲ್ಲಿ ಅಲ್ಲಿ ಪದವಿ ಪಡೆದ ಫೆನ್, 1940ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು.

ಅನಂತರ ಅವರು ಸೇರಿದ್ದು ವಿಶ್ವವಿದ್ಯಾಲಯವನ್ನಲ್ಲ, ಕಾರ್ಖಾನೆಯನ್ನು. ಮೊದಲು ಮೊನ್ಸಾಂಟೊ, ಬಳಿಕ ಶಾರ್ಪ್ಲಿಸ್ ಎಂಬ ರಾಸಾಯನಿಕ ಸಂಸ್ಥೆ, 1945ರಿಂದ ರಿಚ್ಮಂಡ್ ನಗರದಲ್ಲಿ ಸ್ನೇಹಿತರೊಬ್ಬರು ಆರಂಭಿಸಿದ ಸಣ್ಣ ಸಂಶೋಧನ ಸಂಸ್ಥೆ: ಹೀಗೆ ಹನ್ನೆರಡು ವರ್ಷಗಳು ಉದ್ಯಮಕ್ಷೇತ್ರದಲ್ಲಿಯೇ ಕಳೆದವು. ಅವರ ಮೊದಲ ಸಂಶೋಧನ ಪ್ರಬಂಧವು ಪ್ರಕಟವಾದದ್ದು 1949ರಲ್ಲಿ. ಪ್ರಬಂಧಗಳ ಸಂಖ್ಯೆಯಿಂದಲೇ ವಿದ್ವತ್ತನ್ನು ಅಳೆಯುವವರಿಗೆ ಇದೊಂದು ನಿಷ್ಫಲ ದಶಕವೆಂದು ತೋರಬಹುದು. ಆದರೆ ಉಪಕರಣವನ್ನು ಕೈಯಾರೆ ಕಟ್ಟುವ, ಉರಿಯುವ ಅನಿಲಗಳ ಹರಿವನ್ನು ಹತೋಟಿಯಲ್ಲಿಡುವ ಪರಿಣತಿಗೆ ಈ ವರ್ಷಗಳೇ ನೆಲಗಟ್ಟಾದವು. 1952ರಲ್ಲಿ ಪ್ರಿನ್ಸ್‌ಟನ್ನಿಗೆ ಬಂದ ಅವರು ಜೆಟ್ ನೋದನದ ಸಂಶೋಧನ ಯೋಜನೆಯ ಹೊಣೆ ಹೊತ್ತರು. ಶಬ್ದಕ್ಕಿಂತ ವೇಗವಾಗಿ ನಿರ್ವಾತಕ್ಕೆ ಚಿಮ್ಮುವ ಅನಿಲಧಾರೆಗಳನ್ನು ಅಭ್ಯಸಿಸಿದರು. 1967ರಲ್ಲಿ ಯೇಲ್‌ಗೆ ಮರಳಿದರು.

ಆನೆಗೆ ರೆಕ್ಕೆ

ಅಣುವನ್ನು ತೂಗಬೇಕಾದರೆ ಅದು ಮೊದಲು ಅನಿಲರೂಪಕ್ಕೆ ಬರಬೇಕು, ವಿದ್ಯುದಾವೇಶವನ್ನೂ ಪಡೆಯಬೇಕು. ಆಗ ವಿದ್ಯುತ್ ಅಥವಾ ಕಾಂತಕ್ಷೇತ್ರದಲ್ಲಿ ಅದರ ಚಲನೆಯನ್ನು ಗಮನಿಸಿ, ತೂಕಕ್ಕೂ ಆವೇಶಕ್ಕೂ ಇರುವ ಅನುಪಾತವನ್ನು ತಿಳಿಯಬಹುದು. ಸಣ್ಣ ಅಣುಗಳ ವಿಷಯದಲ್ಲಿ ಇದು ಸುಲಭ. ಪ್ರೋಟೀನುಗಳು ಹಾಗಲ್ಲ, ಬೇಯಿಸಿದ ಮೊಟ್ಟೆಯು ಮತ್ತೆ ಹಸಿಯಾಗದು, ಅದು ಆವಿಯಾಗಿ ಹಾರುವುದಂತೂ ದೂರದ ಮಾತು.

1968ರಲ್ಲಿ ಮಾಲ್ಕಂ ಡೋಲ್ ಎಂಬ ವಿಜ್ಞಾನಿ ಒಂದು ಉಪಾಯವನ್ನು ಸೂಚಿಸಿದ್ದರು. ಫೆನ್ ಹಾಗೂ ಅವರ ಸಹೋದ್ಯೋಗಿಗಳು ಅದನ್ನು ಫಲಪ್ರದವಾಗಿಸಿದರು. ದ್ರಾವಣವನ್ನು ಕೆಲವು ಸಾವಿರ ವೋಲ್ಟುಗಳ ವಿದ್ಯುತ್ತಿಗೆ ಒಳಪಟ್ಟ ಸೂಜಿಯ ಮೂಲಕ ತುಂತುರಾಗಿ ಸಿಂಪಡಿಸಿದರೆ ಪ್ರತಿಯೊಂದು ಹನಿಯೂ ಆವೇಶವನ್ನು ಹೊತ್ತಿರುತ್ತದೆ. ಹನಿಯು ಒಣಗುತ್ತ ಕುಗ್ಗಿದಂತೆ ಆವೇಶಗಳು ಒತ್ತೊತ್ತಾಗಿ, ಪರಸ್ಪರ ವಿಕರ್ಷಣೆಯಿಂದ ಹನಿಯು ಒಡೆಯುತ್ತದೆ. ಕೊನೆಗೆ ಪ್ರೋಟೀನು ಮುರಿಯದೆ, ಹಲವು ಆವೇಶಗಳನ್ನು ಹೊತ್ತು ಅನಿಲದಲ್ಲಿ ಉಳಿಯುತ್ತದೆ. ಇದೇ ವಿದ್ಯುತ್‌ಸಿಂಚನ ವಿಧಾನ, ಎಲೆಕ್ಟ್ರೊಸ್ಪ್ರೇ. ಫೆನ್ ತಮ್ಮ ನೊಬೆಲ್ ಉಪನ್ಯಾಸದ ಶೀರ್ಷಿಕೆಯಲ್ಲಿ ಇದನ್ನು ಅಣುಲೋಕದ ಆನೆಗಳಿಗೆ ದೊರೆತ ರೆಕ್ಕೆಯೆಂದು ಬಣ್ಣಿಸಿದ್ದಾರೆ.

ಇದರ ಸೊಗಸನ್ನು ತರಗತಿಯ ಕರಿಹಲಗೆಯ ಮೇಲೆಯೇ ತೋರಿಸಬಹುದು. ಕುದುರೆಯ ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ರೋಹಿತದಲ್ಲಿ ಅಕ್ಕಪಕ್ಕದ ಎರಡು ಶಿಖರಗಳು 893.2 ಮತ್ತು 848.6ರಲ್ಲಿ ಕಾಣುತ್ತವೆ ಎನ್ನೋಣ. ಎರಡನೆಯದು ಒಂದು ಪ್ರೋಟಾನನ್ನು ಹೆಚ್ಚಾಗಿ ಹೊತ್ತಿದೆ. ಪ್ರೋಟಾನಿನ ತೂಕ ಸುಮಾರು 1. 848.6ರಿಂದ 1ನ್ನು ಕಳೆದು, ಶಿಖರಗಳ ಅಂತರವಾದ 44.6ರಿಂದ ಭಾಗಿಸಿದರೆ 19 ಬರುತ್ತದೆ. ಅದೇ ಮೊದಲನೆಯ ಶಿಖರದ ಆವೇಶಸಂಖ್ಯೆ. 892.2ನ್ನು 19ರಿಂದ ಗುಣಿಸಿದರೆ ಅಣುತೂಕವು ಸುಮಾರು 16,950 ಎಂದು ಸಿದ್ಧವಾಗುತ್ತದೆ. ಎರಡು ಸಮೀಕರಣ, ಎರಡು ಅಜ್ಞಾತ. ಪ್ರೌಢಶಾಲೆಯ ಬೀಜಗಣಿತವೇ ಸಾಕು. ಪ್ರತಿಯೊಂದು ಶಿಖರದ ಜೋಡಿಯೂ ಮತ್ತೊಂದು ಸಾಕ್ಷಿಯಾಗುವುದರಿಂದ ಫಲಿತಾಂಶವು ನಿಖರವಾಗುತ್ತದೆ. ಅಲ್ಲದೆ ಭಾರದ ಅಣುವೂ ಸಾಧಾರಣ ಯಂತ್ರದ ಅಳತೆಯ ಮಿತಿಯೊಳಗೆ ಬರುತ್ತದೆ.

ಮುಪ್ಪಿನಲ್ಲಿ ಫಲ

1987ರಲ್ಲಿ ಫೆನ್ ಅವರಿಗೆ ಎಪ್ಪತ್ತು ತುಂಬಿತು. ಅಂದಿನ ನಿಯಮದಂತೆ ಯೇಲ್‌ನಲ್ಲಿ ನಿವೃತ್ತಿಯೂ ಬಂದಿತು. ಅದರ ಮರುವರ್ಷವೇ ಅವರ ತಂಡವು ಸುಮಾರು 40,000 ಅಣುತೂಕದವರೆಗಿನ ಪ್ರೋಟೀನುಗಳನ್ನು ಅಳೆದುದನ್ನು ವಿದ್ವಾಂಸರ ಮುಂದೆ ಮಂಡಿಸಿತು. 1994ರಲ್ಲಿ ಅವರು ವರ್ಜೀನಿಯ ಕಾಮನ್‌ವೆಲ್ತ್ ವಿಶ್ವವಿದ್ಯಾಲಯವನ್ನು ಸೇರಿದರು. 2002ರಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ, ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು. ಅಂದು ಜೊತೆಗೂಡಿ ಗೌರವ ಪಡೆದವರಲ್ಲಿ ಒಬ್ಬರು ಜಪಾನಿನ ಶಿಮಾಡ್ಜು ಕಂಪೆನಿಯ ಎಂಜಿನಿಯರ್ ಕೊಯಿಚಿ ತನಾಕ. ಡಾಕ್ಟರೇಟ್ ಪದವಿಯಿಲ್ಲದ, ಆಗಿನ್ನೂ 43 ವರ್ಷದ ತರುಣರು. ಇನ್ನೊಬ್ಬರು ಸ್ವಿಟ್ಜರ್ಲೆಂಡಿನ ಕುರ್ಟ್ ವುಥ್ರಿಕ್.

ಕೀರ್ತಿಯ ಜೊತೆಗೆ ವ್ಯಾಜ್ಯವೂ ಬಂದಿತೆಂಬುದನ್ನು ಮರೆಮಾಚಲಾಗದು. ಈ ವಿಧಾನದ ಸ್ವಾಮ್ಯಪತ್ರವನ್ನು ಫೆನ್ ತಮ್ಮ ಹೆಸರಿನಲ್ಲಿಯೇ ಪಡೆದಿದ್ದರು. ಅದು ತನ್ನದೆಂದು ಯೇಲ್ ವಾದಿಸಿತು. 2005ರಲ್ಲಿ ನ್ಯಾಯಾಲಯವು ಫೆನ್ ಅವರ ವಿರುದ್ಧ ತೀರ್ಪಿತ್ತು, ಹತ್ತು ಲಕ್ಷ ಡಾಲರಿಗೂ ಮೀರಿದ ಮೊತ್ತವನ್ನು ತೆರಬೇಕೆಂದು ವಿಧಿಸಿತು. ದುಡಿದ ಕೈಗೆ ಹಕ್ಕಿಲ್ಲವೇ ಎಂಬುದು ಒಂದು ಪ್ರಶ್ನೆ. ಆಸರೆಯಿತ್ತ ಸಂಸ್ಥೆಯಿಂದ ಸತ್ಯವನ್ನು ಮುಚ್ಚಿಡಬಹುದೇ ಎಂಬುದು ಇನ್ನೊಂದು. ಕಾಯಕದ ಫಲವು ದಾಸೋಹಕ್ಕೆ ಸಲ್ಲಬೇಕೆಂದು ನಂಬಿದ ನಮಗೆ ಎರಡೂ ಪ್ರಶ್ನೆಗಳು ಹೊಸವಲ್ಲ. ಸಂಸ್ಥೆಯೂ ವಿದ್ವಾಂಸನೂ ಲೆಕ್ಕವನ್ನು ಮೊದಲೇ ತೆರೆದಿಟ್ಟುಕೊಂಡಿದ್ದರೆ ಇಬ್ಬರ ಮಾನವೂ ಉಳಿಯುತ್ತಿತ್ತು.

2010ರ ಡಿಸೆಂಬರ್ 10ರಂದು ಫೆನ್ ರಿಚ್ಮಂಡ್‌ನಲ್ಲಿ ತೀರಿಕೊಂಡರು. ಅವರ ವಿಧಾನವು ಇಂದು ಔಷಧಗಳ ಪರೀಕ್ಷೆಯಲ್ಲಿ, ನವಜಾತ ಶಿಶುವಿನ ಒಂದೆರಡು ಹನಿ ರಕ್ತದಿಂದ ಹುಟ್ಟುರೋಗಗಳನ್ನು ಪತ್ತೆಹಚ್ಚುವಲ್ಲಿ ನೆರವಾಗುತ್ತಿದೆ. ಯಾವ ತಾಯಿಯೂ ಅವರ ಹೆಸರನ್ನು ಕೇಳಿರಲಾರಳು. ಆದರೂ ಆ ಹನಿ ರಕ್ತದಲ್ಲಿ ಅವರ ದುಡಿಮೆಯಿದೆ.

ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ, ಅಂಕಪಟ್ಟಿಯಲ್ಲಿ ಇನ್ನೂ ಬೆಳಗದ ಬಾಲಕನನ್ನು ಕಂಡಾಗ ಅಧ್ಯಾಪಕ ಬಂಧುಗಳು ಈ ಜೀವನವನ್ನು ನೆನೆಯಲಿ. ಕೆಲವು ಮರಗಳು ತಡವಾಗಿ ಕಾಯಿ ಬಿಡುತ್ತವೆ. ಅಲ್ಲಿಯವರೆಗೆ ನೀರೆರೆಯುವುದು ನಮ್ಮ ಕಾಯಕ.