‘ಏಪ್ರಿಕಾಟ್’ ಎಂದು ಬರೆಯುವ ಮುನ್ನ: ಏಳು ಸೂತ್ರಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರು ಈಗ ಮನೆಯ ಜಗಲಿಯಲ್ಲೇ ಕೂತು ಮೊಬೈಲಿನಲ್ಲಿ ಸೀರೆ, ಕುರ್ತಾ ಮಾರುತ್ತಾರೆ. ಫೋಟೊ ಕೆಳಗೆ ಎರಡು ಸಾಲು ಇಂಗ್ಲಿಷ್ ಬೇಕು. ಎಡವುವುದು ಬಣ್ಣದ ಹೆಸರಿನಲ್ಲಿ. ನಾನೂ ಎಡವಿದವನೇ. ಅಬ್ಬಲಿಗೆ ಬಣ್ಣದ ಸೀರೆಯೊಂದಕ್ಕೆ, ಕೇಳಲು ಚೆಂದವೆಂದು ‘ಏಪ್ರಿಕಾಟ್’ ಎಂದು ಬರೆದಿದ್ದೆ. ವಾರದೊಳಗೆ ಸೀರೆ ವಾಪಸ್ ಬಂತು: ‘ಇದು ಆರೆಂಜ್ ಅಲ್ಲವಾ?’ ಅಂಚೆ ಖರ್ಚು ನನ್ನ ತಲೆಗೆ.

1. ಹಣ್ಣನ್ನು ಒಮ್ಮೆ ನೋಡಿ. ಒಣಗಿದ್ದನ್ನಲ್ಲ, ತಾಜಾ ಹಣ್ಣನ್ನು. ಅಂಗಡಿಯ ಒಣ ಏಪ್ರಿಕಾಟ್ ಗಂಧಕದ ಹೊಗೆ ಕೊಟ್ಟಿದ್ದರೆ ಕಡು ಕಿತ್ತಳೆ, ಕೊಡದಿದ್ದರೆ ಕಂದು. ಎರಡೂ ದಾರಿ ತಪ್ಪಿಸುತ್ತವೆ. ಬಣ್ಣದ ಹೆಸರು ಹುಟ್ಟಿದ್ದು ತಾಜಾ ಹಣ್ಣಿನಿಂದ: ತೆಳು ಕಿತ್ತಳೆ, ಕೆನ್ನೆಯಲ್ಲಿ ಚೂರು ಗುಲಾಬಿ. ಅದು ಕಾಶ್ಮೀರ, ಲಡಾಖ್, ಹಿಮಾಚಲದ ಬೆಳೆ. ನಮ್ಮ ಮಳೆಗೆ ಬರುವಂಥದ್ದಲ್ಲ.

2. ಹೋಲಿಕೆಯನ್ನು ಹಿತ್ತಲಲ್ಲಿ ಹುಡುಕಿ. ಅಬ್ಬಲಿಗೆ, ಅಂದರೆ ಕನಕಾಂಬರ, ಏಪ್ರಿಕಾಟಿಗಿಂತ ಗಾಢ. ಪಾರಿಜಾತದ ತೊಟ್ಟು ಇನ್ನೂ ಗಾಢ. ಹಣ್ಣಾಗುತ್ತಿರುವ ಅಡಿಕೆ ಗೊನೆ ನೋಡಿ. ಹಳದಿ ಬಿಟ್ಟು ಕಿತ್ತಳೆಗೆ ತಿರುಗುತ್ತಿರುವ ಒಂದು ಕಾಯಿ ಸಿಗುತ್ತದೆ. ಆ ಸಿಪ್ಪೆಯ ಬಣ್ಣಕ್ಕೆ ಒಂದು ಹನಿ ಹಾಲು ಬೆರೆಸಿದರೆ ಹೇಗಿದ್ದೀತು? ಅದು ಏಪ್ರಿಕಾಟ್.

3. ‘ಬಣ್ಣದ’ ಪರೀಕ್ಷೆ ಮಾಡಿ. ‘ನೇರಳೆ ಸೀರೆ’, ‘ಕಿತ್ತಳೆ ಸೀರೆ’ ಎಂದರೆ ಎಲ್ಲರಿಗೂ ಅರ್ಥ. ‘ಅಡಿಕೆ ಸೀರೆ’ ಎಂದರೆ ನಗುತ್ತಾರೆ. ‘ಅಡಿಕೆ ಬಣ್ಣದ’ ಎನ್ನಲೇಬೇಕು. ಇಂಗ್ಲಿಷಿನಲ್ಲೂ ಈ ಪಂಕ್ತಿಭೇದ ಇದೆ. ಬರ್ಲಿನ್ ಮತ್ತು ಕೇ ಎಂಬ ಇಬ್ಬರು ವಿದ್ವಾಂಸರು 1969ರಲ್ಲಿ ಇಂಗ್ಲಿಷಿನ ಮೂಲ ಬಣ್ಣಪದಗಳು ಹನ್ನೊಂದೇ ಎಂದರು. ಅದರಲ್ಲಿ ಆರೆಂಜ್‌ಗೆ ಜಾಗ ಸಿಕ್ಕಿತು, ಏಪ್ರಿಕಾಟ್ ಹೊರಗುಳಿಯಿತು. ಆದರೂ ರೇಷ್ಮೆಗೆ ‘ಏಪ್ರಿಕಾಟ್ ಸಿಲ್ಕ್’ ನಡೆಯುತ್ತದೆ, ಬಟ್ಟೆಯನ್ನು ಯಾರೂ ತಿನ್ನುವುದಿಲ್ಲವಲ್ಲ. ಸೋಪಿಗೋ ಕೇಕಿಗೋ ಆದರೆ ‘ಏಪ್ರಿಕಾಟ್ ಕಲರ್ಡ್’ ಎಂದೇ ಬರೆಯಿರಿ. ಇಲ್ಲವಾದರೆ ಹಣ್ಣು ಹಾಕಿದ್ದೀರಾ ಎಂದು ಕೇಳುತ್ತಾರೆ.

4. ‘ಏಪ್ರಿಕಾಟ್’ ಸ್ವರದಿಂದ ಶುರುವಾಗುವ ಪದ, ಅದರ ಮುಂಚೆ ‘ಆ್ಯನ್’ (an) ಬರಲಿ. ಬಾಲಕ್ಕೆ ‘ಇಷ್’ (-ish) ಅಂಟಿಸಬೇಡಿ. ‘ಪೇಲ್’, ‘ಡೀಪ್’ ಸಾಕು.

5. ಅಡಿಕೆ ಮಂಡಿಯಿಂದ ಕಲಿಯಿರಿ. ಬಣ್ಣದ ಮಾತಿಗೆ ನೇರ ರೂಪಾಯಿ ಬೆಲೆ ಕಟ್ಟುವವರು ಅಡಿಕೆಯವರು. ಕೆಂಪುಗೋಟು ಎಂಬ ಅಡಿಕೆ ಕುಂಕುಮದಷ್ಟು ಕೆಂಪಲ್ಲ, ಬಿಳೆಗೋಟು ಎಂಬುದು ಸುಣ್ಣದಷ್ಟು ಬಿಳಿಯಲ್ಲ. ಅಡಿಕೆಯೊಳಗೆ ಯಾವುದು ಕೆಂಪು, ಯಾವುದು ಬಿಳಿ ಎಂಬುದಷ್ಟೇ ಅಲ್ಲಿನ ಲೆಕ್ಕ, ಮಾರುವವನಿಗೂ ಕೊಳ್ಳುವವನಿಗೂ ಅದು ಗೊತ್ತು. ಬಣ್ಣದ ಪದ ಕೆಲಸ ಮಾಡುವುದು ಹೀಗೆ, ಇಬ್ಬರ ಕಣ್ಣಲ್ಲೂ ಒಂದೇ ವಸ್ತು ಇದ್ದಾಗ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರನ್ನು ಹೆಗ್ಗೋಡು ಬಳಿಯ ಭೀಮನಕೋಣೆಯ ‘ಚರಕ’ ಕೈಮಗ್ಗ ಸಂಸ್ಥೆಯವರು ಬಟ್ಟೆಗೆ ಬಣ್ಣವಾಗಿ ಹಾಕುತ್ತಾರೆ. ಆ ಬಟ್ಟೆಗೆ ‘ರಸ್ಟ್’ ಎಂದು ಬರೆದು ತುಕ್ಕು ನೆನಪಿಸುವುದಕ್ಕಿಂತ ‘ಚೊಗರು’ ಎಂದೇ ಬರೆದು, ಅಡಿಕೆಯಿಂದ ಬಂದದ್ದು ಎನ್ನಿ. ಸರಕಿಗೆ ತೂಕ ಬರುತ್ತದೆ.

6. ಮೈಬಣ್ಣಕ್ಕೆ ಹಣ್ಣು ಬೇಡ. ಅಮೆರಿಕದ ಕ್ರಯೋಲಾ ಕಂಪನಿಯ ಬಣ್ಣದ ಬಳಪಗಳಲ್ಲಿ ‘ಫ್ಲೆಶ್’, ಅಂದರೆ ಮೈಬಣ್ಣ, ಎಂಬುದೊಂದಿತ್ತು. ಎಲ್ಲರ ಚರ್ಮವೂ ಒಂದೇ ಬಣ್ಣ ಎಂಬಂತೆ. 1962ರಲ್ಲಿ ಅದು ‘ಪೀಚ್’ ಆಯಿತು. ಹಣ್ಣಿನ ಹೆಸರು ಬಳಪಕ್ಕೆ ಸರಿ, ಚರ್ಮಕ್ಕಲ್ಲ. ನಮ್ಮಲ್ಲೇನು ಕಡಿಮೆಯೇ? ಕಾಣೆಯಾದವರ ಪ್ರಕಟಣೆಯಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಷ್ಟು ಸವೆದಿದೆಯೆಂದರೆ 2016ರಲ್ಲಿ ಅದೇ ಹೆಸರಿನ ಸಿನಿಮಾ ಬಂತು, ಅನಂತ್ ನಾಗ್ ನಟಿಸಿದ್ದು. ಗೋಧಿ ಗದ್ದೆಯನ್ನೇ ಕಾಣದ ಮಲೆನಾಡಿನಲ್ಲೂ ಕಳೆದುಹೋದವರೆಲ್ಲ ಗೋಧಿ ಬಣ್ಣದವರೇ!

7. ನಮ್ಮ ಪದ ಬರೆಯಲು ಅಂಜಬೇಡಿ. ಇಂಗ್ಲಿಷಿನ ‘ಆರೆಂಜ್’ ಕೂಡ ಸಂಸ್ಕೃತದ ನಾರಂಗವೇ, ಪರ್ಷಿಯನ್, ಅರಬ್ಬಿ ದಾಟಿ ಹೋದದ್ದು. ಅದರ ಬೇರು ದ್ರಾವಿಡವೇ ಇರಬೇಕೆಂದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಪರ್ಷಿಯನ್ನಿನಲ್ಲಿ ಏಪ್ರಿಕಾಟಿಗೆ ‘ಜರ್ದ್ ಆಲೂ’, ಅಂದರೆ ಹಳದಿ ಪ್ಲಮ್; ಅಲ್ಲಿ ಬಣ್ಣವೇ ಹಣ್ಣಿಗೆ ಹೆಸರು ಕೊಟ್ಟಿದೆ. ಹಾಗಾಗಿ ‘ಅಬ್ಬಲಿಗೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ‘ಏಪ್ರಿಕಾಟಿಗಿಂತ ಗಾಢ’ ಎಂದು ಸೇರಿಸಿದರೆ ತಪ್ಪೇನೂ ಇಲ್ಲ. ವಾಪಸ್ ಬಂದ ನನ್ನ ಸೀರೆ ಎರಡನೇ ಸಲ ಹೋದದ್ದು ಹೀಗೆ.

ಇನ್ನೊಂದು ಮಾತು, ಅಂಕೆ ಹಾಕುವಷ್ಟು ದೊಡ್ಡದಲ್ಲ. ಟ್ಯೂಬ್‌ಲೈಟಿನಡಿ ಫೋಟೊ ತೆಗೆಯಬೇಡಿ, ಯಾವ ಹೆಸರಿಟ್ಟರೂ ಬಣ್ಣ ಸುಳ್ಳಾಗುತ್ತದೆ. ಮಳೆಗಾಲವಾದರೆ ಹೊಳವಾಗುವವರೆಗೆ ಕಾಯಿರಿ. ಆಗುಂಬೆ ಕಡೆಯವರು ಸ್ವಲ್ಪ ಹೆಚ್ಚು ದಿನ ಕಾಯಬೇಕಾದೀತು.