ಏಳಲೊಲ್ಲದ ಹುಡುಗನೂ ದೇಹದ ಗಡಿಯಾರವೂ

ಚಿಕ್ಕ ಮಕ್ಕಳಿರುವ ಮನೆಯಲ್ಲಿ ದಿನದ ಅತ್ಯಂತ ಕಷ್ಟದ ವೇಳೆ ಯಾವುದೆಂದು ಕೇಳಿದರೆ, ಶಾಲೆಗೆ ಹೊರಡುವುದಕ್ಕೆ ಮುಂಚಿನ ಒಂದು ಗಂಟೆ ಎಂದು ಬಹುಮಂದಿ ತಾಯಿತಂದೆಯರು ಉತ್ತರ ಕೊಡುವರು. ಉದಾಹರಣೆಗಾಗಿ ಬೆಂಗಳೂರಿನ ಯಲಹಂಕದಲ್ಲಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಹಿರಿಯವನಿಗೆ ಒಂಬತ್ತು ವರ್ಷ, ಕಿರಿಯವನಿಗೆ ಐದು. ಶಾಲೆಯ ವಾಹನವು ಬೆಳಗ್ಗೆ ಏಳು ಗಂಟೆಗೆ ಬರುತ್ತದೆ. ಕಿರಿಯವನು ಯಾರೂ ಎಬ್ಬಿಸದೆ ಐದೂಮುಕ್ಕಾಲಕ್ಕೇ ಎದ್ದು ಮನೆಯೆಲ್ಲ ಓಡಾಡುತ್ತಾನೆ. ಹಿರಿಯವನನ್ನು ಆರು ಗಂಟೆಗೆ ಎಬ್ಬಿಸಬೇಕಾದರೆ ನಾಲ್ಕು ಸಲ ಕೂಗಬೇಕು. ಎದ್ದ ಮೇಲೂ ಅವನು ಹಲ್ಲುಜ್ಜುತ್ತ ನಿಂತಲ್ಲಿಯೇ ತೂಕಡಿಸುತ್ತಾನೆ. ‘ತಮ್ಮನನ್ನು ನೋಡಿಯಾದರೂ ಕಲಿತುಕೋ’ ಎಂಬ ಮಾತು ದಿನವೂ ಅವನ ಕಿವಿಗೆ ಬೀಳುತ್ತದೆ. ಕೆಲವು ತಿಂಗಳು ಹೀಗೆಯೇ ಕಳೆದರೆ ‘ಸೋಮಾರಿ’ ಎಂಬ ಬಿರುದೂ ಅವನಿಗೆ ಖಾಯಂ ಆಗುತ್ತದೆ.

ಈ ಬಿರುದು ನ್ಯಾಯವಾದುದೆ? ಒಂದೇ ತಾಯಿತಂದೆಯರ ಮಕ್ಕಳು, ಒಂದೇ ಮನೆ, ಒಂದೇ ಊಟ. ಆದರೂ ಒಬ್ಬನಿಗೆ ಬೆಳಗಾಗುವುದೇ ಹಬ್ಬ, ಇನ್ನೊಬ್ಬನಿಗೆ ಅದೇ ಶಿಕ್ಷೆ. ಇದರ ಕಾರಣವನ್ನು ಹುಡುಗನ ಸ್ವಭಾವದಲ್ಲಿ ಹುಡುಕುವುದಕ್ಕೆ ಮೊದಲು ಶರೀರಶಾಸ್ತ್ರವು ಏನು ಹೇಳುತ್ತದೆ ಎಂಬುದನ್ನು ವಿಚಾರಿಸುವುದು ಯುಕ್ತ.

ಕತ್ತಲೆಯಲ್ಲಿಯೂ ನಡೆಯುವ ಗಡಿಯಾರ

‘ಮುಟ್ಟಿದರೆ ಮುನಿ’ ಗಿಡವು ಹಗಲಿನಲ್ಲಿ ಎಲೆಗಳನ್ನು ಬಿಚ್ಚಿ ರಾತ್ರಿಯಲ್ಲಿ ಮುಚ್ಚಿಕೊಳ್ಳುವುದು ನಿಮಗೆ ತಿಳಿದೇ ಇದೆ. ಈ ಜಾತಿಯ ಗಿಡವೊಂದನ್ನು ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್ ಬೆಳಕು ಬೀಳದ ಸ್ಥಳದಲ್ಲಿ ಇರಿಸಿ ನೋಡಿದನು. ಸೂರ್ಯನನ್ನು ಕಾಣದಿದ್ದರೂ ಅದರ ಎಲೆಗಳು ಹಗಲು ಹೊತ್ತಿನಲ್ಲಿ ಬಿಚ್ಚಿಕೊಂಡು ರಾತ್ರಿ ಮುಚ್ಚಿಕೊಳ್ಳುತ್ತಲೇ ಇದ್ದವು. ಈ ಸಂಗತಿ 1729ರಲ್ಲಿ ಪ್ರಕಟವಾಯಿತು. ಜೀವಿಗಳ ಒಳಗೇ ಒಂದು ಗಡಿಯಾರವಿದೆ ಎಂಬ ತಿಳಿವಳಿಕೆಗೆ ಇದು ಮೊದಲ ಸುಳಿವು.

ಮನುಷ್ಯನ ಮೇಲೆ ಇಂಥ ಪರೀಕ್ಷೆ ನಡೆದುದು 1938ರಲ್ಲಿ. ಷಿಕಾಗೋ ವಿಶ್ವವಿದ್ಯಾಲಯದ ನಥಾನಿಯೆಲ್ ಕ್ಲೈಟ್‌ಮನ್ ತನ್ನ ಶಿಷ್ಯ ಬ್ರೂಸ್ ರಿಚರ್ಡ್‌ಸನ್ನನೊಡನೆ ಅಮೆರಿಕದ ಮ್ಯಾಮತ್ ಗುಹೆಯಲ್ಲಿ 32 ದಿನ ವಾಸಮಾಡಿದನು. ಅಲ್ಲಿ ಸೂರ್ಯನ ಬೆಳಕಿಲ್ಲ, ಉಷ್ಣತೆಯಲ್ಲಿ ಏರಿಳಿತವಿಲ್ಲ. ಇಬ್ಬರೂ 24 ಗಂಟೆಗಳ ದಿನವನ್ನು ಬಿಟ್ಟು 28 ಗಂಟೆಗಳ ದಿನವನ್ನು ಅನುಸರಿಸಿದರು. ಕಿರಿಯನಾದ ರಿಚರ್ಡ್‌ಸನ್ನನ ದೇಹದ ಉಷ್ಣತೆಯ ಏರಿಳಿತವು ಹೊಸ ದಿನಕ್ಕೆ ಹೊಂದಿಕೊಂಡಿತು. ಕ್ಲೈಟ್‌ಮನ್ನನದು ಹಳೆಯ 24 ಗಂಟೆಗಳ ಲಯವನ್ನು ಬಿಡಲಿಲ್ಲ. ಒಂದೇ ಗುಹೆ, ಒಂದೇ ವೇಳಾಪಟ್ಟಿ, ಆದರೆ ಎರಡು ದೇಹಗಳ ನಡವಳಿಕೆ ಬೇರೆ ಬೇರೆ. ನಮ್ಮ ಯಲಹಂಕದ ಅಣ್ಣತಮ್ಮಂದಿರ ಸಮಸ್ಯೆಯೂ ಇದೇ ಜಾತಿಯದು.

ಈ ಗಡಿಯಾರವಿರುವ ಸ್ಥಳ 1972ರಲ್ಲಿ ಗೊತ್ತಾಯಿತು. ಎರಡು ಕಣ್ಣುಗಳಿಂದ ಬರುವ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ಹಾಯುವ ಜಾಗದ ಮೇಲ್ಗಡೆಯಲ್ಲಿ ಸುಮಾರು 20,000 ನರಕೋಶಗಳ ಒಂದು ಚಿಕ್ಕ ಗುಂಪು ಇದೆ. ಅದೇ ದೇಹದ ಮುಖ್ಯ ಗಡಿಯಾರ. ಮನುಷ್ಯನಲ್ಲಿ ಅದರ ಒಂದು ಸುತ್ತು ಸರಾಸರಿ 24 ಗಂಟೆ 11 ನಿಮಿಷವೆಂದು 1999ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಳೆದು ತೋರಿಸಿದರು. ದಿನಕ್ಕೆ 11 ನಿಮಿಷ ಹಿಂದೆ ಬೀಳುವ ಗಡಿಯಾರವನ್ನು ಸರಿಪಡಿಸದೆ ಬಿಟ್ಟರೆ ಒಂದು ವಾರದಲ್ಲಿ 77 ನಿಮಿಷ ತಪ್ಪುತ್ತದೆ. ಅದನ್ನು ದಿನದಿನವೂ ಸರಿಪಡಿಸುವುದು ಬೆಳಕು. ಕಣ್ಣಿನ ಹಿಂಬದಿಯ ಪದರದಲ್ಲಿ, ನೋಟಕ್ಕೆ ಸಂಬಂಧಿಸಿದ ಕೋಶಗಳಲ್ಲದೆ, ಬೆಳಕಿನ ಸುದ್ದಿಯನ್ನು ಈ ಗಡಿಯಾರಕ್ಕೆ ಮುಟ್ಟಿಸುವ ವಿಶೇಷ ಕೋಶಗಳೂ ಇವೆಯೆಂದು 2002ರಲ್ಲಿ ಸ್ಪಷ್ಟವಾಯಿತು. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ. ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಈ ಒಂದು ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು.

ಜಕ್ಕೂರಿನ ಹಣ್ಣುನೊಣಗಳು

ಗಡಿಯಾರದ ವೇಗವು ವ್ಯಕ್ತಿಯಿಂದ ವ್ಯಕ್ತಿಗೆ ಏಕೆ ಬೇರೆಯಾಗುತ್ತದೆ? ಇದಕ್ಕೆ ಉತ್ತರ ಕೊಟ್ಟುದು ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣ. 1971ರಲ್ಲಿ ಅಮೆರಿಕದ ಕೊನೊಪ್ಕ ಮತ್ತು ಬೆನ್ಜರ್ ಎಂಬ ವಿಜ್ಞಾನಿಗಳು ಒಂದೇ ಜೀನಿನಲ್ಲಾದ ಬದಲಾವಣೆಯಿಂದ ನೊಣದ ದಿನವು 19 ಗಂಟೆಗೆ ಇಳಿಯಬಹುದು, 28 ಗಂಟೆಗೆ ಏರಬಹುದು, ಇಲ್ಲವೆ ಲಯವೇ ಇಲ್ಲದಂತಾಗಬಹುದು ಎಂದು ತೋರಿಸಿದರು. ಆ ಜೀನು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ದೂರ ಹೋಗಬೇಕಾಗಿಲ್ಲ. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇರುವ ಜಕ್ಕೂರಿನಲ್ಲಿ, 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ವಿಜಯಕುಮಾರ್ ಶರ್ಮ ಮತ್ತು ಅವರ ಸಂಗಡಿಗರು ಹಣ್ಣುನೊಣಗಳ ಮೇಲೆ ದೀರ್ಘಕಾಲದ ಪ್ರಯೋಗವೊಂದನ್ನು ನಡೆಸಿದರು. ನೊಣವು ತನ್ನ ಕೋಶವನ್ನು ಒಡೆದುಕೊಂಡು ಹೊರಬರುವ ವೇಳೆಯನ್ನೂ ಗಡಿಯಾರವೇ ಗೊತ್ತುಮಾಡುತ್ತದೆ. ಬೆಳಗ್ಗೆ ಬೇಗ ಹೊರಬಂದ ನೊಣಗಳನ್ನೇ ಆರಿಸಿ ಒಂದು ಸಂತತಿಯನ್ನೂ, ಸಂಜೆ ಹೊರಬಂದವುಗಳನ್ನೇ ಆರಿಸಿ ಇನ್ನೊಂದು ಸಂತತಿಯನ್ನೂ ಬೆಳೆಸುತ್ತ ಹೋದರು. ಅನೇಕ ತಲೆಮಾರುಗಳು ಕಳೆದ ಮೇಲೆ ಎರಡು ಪಂಗಡಗಳು ಸ್ಪಷ್ಟವಾಗಿ ಬೇರ್ಪಟ್ಟವು. ಬೆಳಗಿನ ಪಂಗಡದ ಗಡಿಯಾರದ ಸುತ್ತು ಚಿಕ್ಕದು, ಸಂಜೆಯ ಪಂಗಡದ್ದು ದೊಡ್ಡದು. ಬೇಗ ಏಳುವುದೂ ತಡವಾಗಿ ಏಳುವುದೂ ಸ್ವಲ್ಪಮಟ್ಟಿಗೆ ಹುಟ್ಟಿನಿಂದ ಬರುವ ಗುಣವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಅಣ್ಣತಮ್ಮಂದಿರಲ್ಲಿ ತಾಯಿತಂದೆಯರಿಂದ ಬಂದ ಜೀನುಗಳು ಸರಾಸರಿಯಲ್ಲಿ ಅರ್ಧ ಮಾತ್ರ ಸಮಾನವಾಗಿರುವುದರಿಂದ, ಒಬ್ಬನು ಬೆಳಗಿನವನೂ ಇನ್ನೊಬ್ಬನು ಸಂಜೆಯವನೂ ಆಗುವುದು ಆಶ್ಚರ್ಯವಲ್ಲ.

ಆದರೆ ಹುಟ್ಟುಗುಣವೇ ಎಲ್ಲವೂ ಅಲ್ಲ. ಜಕ್ಕೂರಿನ ಈ ಕೇಂದ್ರಕ್ಕೆ ಬರುವುದಕ್ಕೆ ಮುಂಚೆ ಮಧುರೆಯಲ್ಲಿದ್ದ ಎಂ. ಕೆ. ಚಂದ್ರಶೇಖರನ್ ಮತ್ತು ಅವರ ಶಿಷ್ಯರು ಗುಹೆಯ ಬಾವಲಿಗಳನ್ನು ಅಭ್ಯಾಸಮಾಡಿ, 1981ರಲ್ಲಿ ಒಂದು ಸ್ವಾರಸ್ಯವನ್ನು ಪ್ರಕಟಿಸಿದರು. ಕತ್ತಲೆಯ ಗುಹೆಯಲ್ಲಿ ಪಂಜರದೊಳಗೆ ಇಟ್ಟ ಬಾವಲಿಗೆ ಹೊರಗಿನ ಹಗಲುರಾತ್ರಿಗಳು ಕಾಣುವುದಿಲ್ಲ. ಆದರೂ ಸುತ್ತಲಿನ ಬಾವಲಿಗಳ ಹಿಂಡು ಹೊರಗೆ ಹಾರಿಹೋಗಿ ಹಿಂತಿರುಗುತ್ತಿದ್ದರೆ, ಪಂಜರದ ಬಾವಲಿಯ ಗಡಿಯಾರವೂ ಹಿಂಡಿನ ಜೊತೆಗೆ ಹೊಂದಿಕೊಳ್ಳುತ್ತಿತ್ತು. ಎಂದರೆ, ಒಡನಾಡಿಗಳ ದಿನಚರಿಯೂ ಒಂದು ಜೀವಿಯ ಗಡಿಯಾರವನ್ನು ತಿದ್ದಬಲ್ಲುದು.

ನಿದ್ರೆಯ ಜಮಾಖರ್ಚು

ಗಡಿಯಾರದ ಜೊತೆಗೆ ಇನ್ನೊಂದು ಶಕ್ತಿಯೂ ನಿದ್ರೆಯನ್ನು ಆಳುತ್ತದೆ. ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಮೊದಲಾದ ವಸ್ತುಗಳು ಕೂಡಿಕೊಳ್ಳುತ್ತ, ನಿದ್ರೆಯ ಒತ್ತಡವು ಏರುತ್ತದೆ. ಮಲಗಿದಾಗ ಅದು ಇಳಿಯುತ್ತದೆ. ಅಡೆನೊಸಿನ್ನಿನ ಕೆಲಸಕ್ಕೆ ಅಡ್ಡಬರುವುದರಿಂದಲೇ ಕಾಫಿಯು ನಿದ್ರೆಯನ್ನು ಓಡಿಸುವುದು. ನಿದ್ರೆಯನ್ನು ಪೂರ್ಣವಾಗಿ ತೀರಿಸದವನು ಮರುದಿನಕ್ಕೆ ಸಾಲವನ್ನು ಹೊತ್ತುಕೊಂಡೇ ಏಳುತ್ತಾನೆ.

ಈಗ ನಮ್ಮ ಇಬ್ಬರು ಹುಡುಗರ ಲೆಕ್ಕವನ್ನು ತೆಗೆಯೋಣ. ಅಮೆರಿಕದ ನಿದ್ರಾವೈದ್ಯರ ಮಂಡಲಿಯು 2016ರಲ್ಲಿ ಗೊತ್ತುಮಾಡಿದ ಪ್ರಕಾರ, ದಿನವೊಂದಕ್ಕೆ 3ರಿಂದ 5 ವರ್ಷದ ಮಕ್ಕಳಿಗೆ ಹಗಲು ನಿದ್ರೆಯೂ ಸೇರಿ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಕಿರಿಯವನು ರಾತ್ರಿ ಎಂಟೂವರೆಗೆ ಮಲಗಿ ಐದೂಮುಕ್ಕಾಲಕ್ಕೆ ಏಳುತ್ತಾನೆ. ಮಧ್ಯಾಹ್ನ ಒಂದೂವರೆ ಗಂಟೆ ಮಲಗುತ್ತಾನೆ. ಒಟ್ಟು ಹತ್ತೂಮುಕ್ಕಾಲು ಗಂಟೆ, ಅವನಿಗೆ ಸಾಲವಿಲ್ಲ. ಹಿರಿಯವನಾದರೋ ರಾತ್ರಿ ಹತ್ತು ಗಂಟೆಗೆ ಮಲಗಿ ಆರಕ್ಕೆ ಏಳಬೇಕು; ಒಟ್ಟು ಎಂಟು ಗಂಟೆ. ಅತಿ ಕಡಿಮೆ ಎಂದರೂ ದಿನಕ್ಕೆ ಒಂದು ಗಂಟೆ ಸಾಲ. ಶಾಲೆಯ ಆರು ದಿನಗಳಿಗೆ ಆರು ಗಂಟೆ. ತಮ್ಮನು ಬೇಗ ಏಳುವುದು ಅವನ ಹೆಚ್ಚುಗಾರಿಕೆಯಲ್ಲ. ಅಣ್ಣನು ಏಳದಿರುವುದು ಅವನ ಅಪರಾಧವೂ ಅಲ್ಲ. ಒಬ್ಬನ ಖಾತೆ ತುಂಬಿದೆ, ಇನ್ನೊಬ್ಬನದು ಬರಿದಾಗಿದೆ.

ಸಾಲ ತೀರಿಸಲು ಹಿರಿಯವನು ಶನಿವಾರ ರಾತ್ರಿ ಹನ್ನೊಂದಕ್ಕೆ ಮಲಗಿ ಭಾನುವಾರ ಒಂಬತ್ತಕ್ಕೆ ಏಳುತ್ತಾನೆ ಎನ್ನೋಣ. ಶಾಲೆಯ ದಿನಗಳಲ್ಲಿ ಅವನ ನಿದ್ರೆಯ ನಡುಬಿಂದು ರಾತ್ರಿ ಎರಡು ಗಂಟೆ. ಭಾನುವಾರ ಅದು ನಾಲ್ಕು ಗಂಟೆ. ಈ ವ್ಯತ್ಯಾಸಕ್ಕೆ ಜರ್ಮನಿಯ ರೊನೆಬೆರ್ಗ್ ಮತ್ತು ಸಂಗಡಿಗರು 2006ರಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ‘ಸಾಮಾಜಿಕ ಕಾಲವ್ಯತ್ಯಾಸ’ ಎನ್ನಬಹುದು. ಎರಡು ಗಂಟೆ ಎಂದರೆ 30 ಡಿಗ್ರಿ ರೇಖಾಂಶ. ಹುಡುಗನು ಹಾಸಿಗೆಯನ್ನು ಬಿಡದೆಯೇ ಪ್ರತಿ ವಾರವೂ ಅರೇಬಿಯಾದವರೆಗೆ ಹೋಗಿ ಸೋಮವಾರ ಬೆಳಗ್ಗೆ ಹಿಂತಿರುಗಿದಂತಾಯಿತು! ಸೋಮವಾರದ ಬೆಳಗು ಮಿಕ್ಕೆಲ್ಲಕ್ಕಿಂತ ಕಷ್ಟವಾಗುವುದರ ರಹಸ್ಯ ಇದೇ.

ಹಾಗಾದರೆ ಅವನನ್ನು ಬೇಗ ಮಲಗಿಸಬಾರದೇಕೆ? ಇಲ್ಲಿ ಸಂಸಾರದ ನಿಜವಾದ ತೊಡಕು ಕಾಣುತ್ತದೆ. ತಂದೆಗೆ ಯಶವಂತಪುರದ ಕಡೆ ಕೆಲಸ. ವಾಹನಗಳ ದಟ್ಟಣೆಯನ್ನು ದಾಟಿ ಅವನು ಮನೆ ಸೇರುವಾಗ ಎಂಟೂವರೆ ಆಗುತ್ತದೆ. ಕಿರಿಯವನು ಆಗಲೇ ಮಲಗಿರುತ್ತಾನೆ. ಹಿರಿಯವನಿಗೆ ತಂದೆಯೊಡನೆ ಕುಳಿತು ಊಟಮಾಡಿ ಮಾತನಾಡಲು ದೊರೆಯುವುದು ಆ ಒಂದು ಗಂಟೆ ಮಾತ್ರ. ಅದಕ್ಕಾಗಿ ಅವನು ನಿದ್ರೆಯನ್ನು ತೆರುತ್ತಾನೆ.

ಮಲಗಿದ ಮಗುವಿನ ದುಡಿಮೆ

ತೆತ್ತ ಬೆಲೆ ಅಲ್ಪವಾದುದಲ್ಲ. ಷಿಕಾಗೋದಲ್ಲಿ ಕ್ಲೈಟ್‌ಮನ್ನನ ಶಿಷ್ಯನಾಗಿದ್ದ ಯೂಜೀನ್ ಅಸೆರಿನ್‌ಸ್ಕಿ ಎಂಬುವನು 1951ರಲ್ಲಿ ತನ್ನ ಎಂಟು ವರ್ಷದ ಮಗನನ್ನೇ ಮಲಗಿಸಿ, ಅವನ ಕಣ್ಣುಗಳ ಚಲನೆಯನ್ನೂ ಮಿದುಳಿನ ವಿದ್ಯುತ್ ಅಲೆಗಳನ್ನೂ ಯಂತ್ರದಿಂದ ದಾಖಲೆಮಾಡಿದನು. ಹುಡುಗನು ಗಾಢವಾಗಿ ಮಲಗಿರುವಾಗಲೇ ನಡುನಡುವೆ ಅವನ ಕಣ್ಣುಗಳು ಎಚ್ಚರವಿದ್ದವನಂತೆ ಚುರುಕಾಗಿ ಓಡಾಡಿದವು. 1953ರಲ್ಲಿ ಪ್ರಕಟವಾದ ಈ ಶೋಧವು, ನಿದ್ರೆ ಎಂದರೆ ಮಿದುಳು ಸುಮ್ಮನೆ ಬಿದ್ದಿರುವುದು ಎಂಬ ಹಳೆಯ ಭಾವನೆಯನ್ನು ಅಳಿಸಿತು. ಗಾಢನಿದ್ರೆಯಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ. ಹಗಲಿನಲ್ಲಿ ಕಲಿತ ವಿಷಯಗಳು ನೆನಪಿನಲ್ಲಿ ನೆಲೆಗೊಳ್ಳುತ್ತವೆ. ನಿದ್ರೆ ಸಾಲದ ಮಗು ದೊಡ್ಡವರಂತೆ ಮಂಕಾಗುವ ಬದಲು ಎಷ್ಟೋ ವೇಳೆ ಹಟಮಾರಿಯಾಗಿ, ಕೂತಲ್ಲಿ ಕೂರದೆ, ತಮ್ಮನೊಡನೆ ಜಗಳ ಕಾಯುತ್ತದೆ. ತುಂಟತನವೆಂದು ದಂಡನೆಗೆ ಗುರಿಯಾದುದರಲ್ಲಿ ನಿದ್ರೆಯ ಸಾಲದ ಪಾಲೂ ಇರಬಹುದು.

ಮನೆಯಲ್ಲಿ ಮಾಡಬಹುದಾದುದು

ಮೊದಲನೆಯದು, ರಾತ್ರಿಯ ಬೆಳಕನ್ನು ತಗ್ಗಿಸುವುದು. ಕತ್ತಲಾದಾಗ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಹೊರಡುವ ಮೆಲಟೋನಿನ್ ದೇಹಕ್ಕೆ ರಾತ್ರಿಯ ಸುದ್ದಿಯನ್ನು ಕೊಡುತ್ತದೆ. 2018ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ 3ರಿಂದ 5 ವರ್ಷದ ಮಕ್ಕಳನ್ನು ಮಲಗುವ ಮುಂಚೆ ಒಂದು ಗಂಟೆ ಪ್ರಖರವಾದ ಬೆಳಕಿನಲ್ಲಿ ಆಡಲು ಬಿಟ್ಟಾಗ, ಅವರ ಮೆಲಟೋನಿನ್ ಶೇಕಡಾ 88ರಷ್ಟು ಇಳಿಯಿತು. ಆದುದರಿಂದ ಊಟವಾದ ಮೇಲೆ ದೊಡ್ಡ ದೀಪವನ್ನು ಆರಿಸಿ, ದೂರದರ್ಶನವನ್ನೂ ಮೊಬೈಲನ್ನೂ ಪಕ್ಕಕ್ಕಿಡುವುದು ಬರಿಯ ಶಿಸ್ತಲ್ಲ, ಶರೀರಶಾಸ್ತ್ರ.

ಎರಡನೆಯದು, ಬೆಳಗಿನ ಬೆಳಕು. ಭಾರತದ ಕಾಲಮಾನವು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಸೇರಿದುದು. ಬೆಂಗಳೂರು ಸುಮಾರು 77.6 ಡಿಗ್ರಿಯಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ, ನಮ್ಮ ಕೈಗಡಿಯಾರದ ಆರು ಗಂಟೆಯು ಸೂರ್ಯನ ಲೆಕ್ಕದಲ್ಲಿ ಸರಾಸರಿ ಐದು ಗಂಟೆ ನಲವತ್ತು ನಿಮಿಷ. ಜನವರಿಯಲ್ಲಂತೂ ಇಲ್ಲಿ ಸೂರ್ಯ ಹುಟ್ಟುವಾಗ ಆರೂಮುಕ್ಕಾಲು ಆಗುತ್ತದೆ. ಆರಕ್ಕೆ ಎದ್ದ ಹುಡುಗನು ಕತ್ತಲೆಯಲ್ಲಿಯೇ ಏಳುತ್ತಾನೆ. ಎದ್ದೊಡನೆ ಕಿಟಕಿ ತೆರೆಯುವುದು, ವಾಹನ ಬರುವ ಸ್ಥಳಕ್ಕೆ ಬಯಲಿನಲ್ಲಿ ನಡೆದುಹೋಗುವುದು ಹಿತಕರ. ತಂದೆಯು ರಾತ್ರಿಯ ಒಂದು ಗಂಟೆಯ ಬದಲು ಬೆಳಗಿನ ಅರ್ಧ ಗಂಟೆಯನ್ನು ಮಕ್ಕಳಿಗಾಗಿ ತೆಗೆದಿಟ್ಟು ಅವರೊಡನೆ ನಡೆದರೆ, ಬೆಳಕೂ ದೊರೆಯಿತು, ಒಡನಾಟವೂ ಉಳಿಯಿತು. ಬಾವಲಿಗಳು ಕಲಿಸಿದ ಪಾಠವೂ ಅದೇ ಅಲ್ಲವೆ?

ಮೂರನೆಯದು, ಮಲಗುವ ವೇಳೆಯನ್ನು ವಾರಕ್ಕೆ ಒಂದು ಕಾಲು ಗಂಟೆಯಂತೆ ಹಿಂದಕ್ಕೆ ತರುವುದು. ಭಾನುವಾರವೂ ಒಂದು ಗಂಟೆಗಿಂತ ಹೆಚ್ಚು ತಡಮಾಡಿ ಏಳದಿರುವುದು. ಮಗು ದಿನವೂ ಗಟ್ಟಿಯಾಗಿ ಗೊರಕೆ ಹೊಡೆಯುತ್ತಿದ್ದರೆ, ಉಸಿರು ನಡುವೆ ನಿಂತಂತೆ ತೋರಿದರೆ, ವೈದ್ಯರಿಗೆ ತೋರಿಸತಕ್ಕದ್ದು.

ಇನ್ನು ಕೆಲವು ವಿಷಯಗಳು ಮನೆಯ ಕೈಯಲ್ಲಿ ಇಲ್ಲ. ಶಾಲೆಯ ವೇಳೆಯನ್ನು ಬದಲಿಸುವ ಚರ್ಚೆ 2023ರಲ್ಲಿ ಬೆಂಗಳೂರಿನಲ್ಲಿಯೂ ನಡೆಯಿತು. ಅದಕ್ಕೆ ಕಾರಣ ಮಕ್ಕಳ ನಿದ್ರೆಯಲ್ಲ, ರಸ್ತೆಗಳ ದಟ್ಟಣೆ. ಮಹಾರಾಷ್ಟ್ರ ಸರ್ಕಾರವು 2024ರ ಫೆಬ್ರುವರಿಯಲ್ಲಿ, ನಾಲ್ಕನೆಯ ತರಗತಿಯವರೆಗಿನ ಶಾಲೆಗಳು ಬೆಳಗ್ಗೆ 9 ಗಂಟೆಗೆ ಮುಂಚೆ ಆರಂಭವಾಗಬಾರದೆಂದು ಸೂಚಿಸಿದಾಗ ಮಕ್ಕಳ ನಿದ್ರೆಯನ್ನೇ ಕಾರಣವಾಗಿ ಹೇಳಿತು. ಯೌವನಕ್ಕೆ ಕಾಲಿಟ್ಟವರ ಗಡಿಯಾರವು ತಾನಾಗಿಯೇ ತಡವಾಗುವುದರಿಂದ, ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಪ್ರೌಢಶಾಲೆಗಳು ಸಾಮಾನ್ಯವಾಗಿ ಎಂಟೂವರೆಗೆ ಮೊದಲು ಆರಂಭವಾಗಕೂಡದೆಂಬ ಕಾನೂನು ಇದೆ.

ಈ ಮಾತು ವಿದ್ಯಾರ್ಥಿಗಳಾದ ನಿಮಗೂ ಸಂಬಂಧಿಸಿದುದು. ಮುಂದಿನ 14 ದಿನ ನೀವು ಮಲಗಿದ ವೇಳೆಯನ್ನೂ ಎದ್ದ ವೇಳೆಯನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ. ಮನೆಯಲ್ಲಿ ತಮ್ಮತಂಗಿಯರಿದ್ದರೆ ಅವರದನ್ನೂ ಬರೆಯಿರಿ. ಪ್ರತಿ ರಾತ್ರಿಯ ನಡುಬಿಂದುವನ್ನು ಕಂಡುಹಿಡಿದು, ಶಾಲೆಯ ದಿನಗಳ ಸರಾಸರಿಯನ್ನೂ ರಜಾ ದಿನಗಳ ಸರಾಸರಿಯನ್ನೂ ಹೋಲಿಸಿರಿ. ಆ ಲೆಕ್ಕ ಕೈಗೆ ಬರುವವರೆಗೆ ಮನೆಯಲ್ಲಿ ಯಾರನ್ನೂ ಸೋಮಾರಿ ಎಂದು ಕರೆಯದಿರುವುದು ಲೇಸು.