ಬೆಳೆಯುವ ಮಕ್ಕಳ ಬೆನ್ನು ಮತ್ತು ನಡಿಗೆ



ನಮ್ಮ ನಿಟ್ಟೂರಿನ ಕಡೆ ಮನೆಗಳು ಒಂದು ಗುಡ್ಡಕ್ಕೆ ಒಂದರಂತೆ ಚದುರಿವೆ. ಶಾಲೆಗಾಗಲಿ, ಬಸ್ಸಿಗಾಗಲಿ, ತೋಟಕ್ಕಾಗಲಿ ಮಕ್ಕಳು ಏರು ಹತ್ತಿ, ಸಂಕ ದಾಟಿ ನಡೆಯಲೇಬೇಕು. ಇಂಥ ಕಡೆ ಮಗುವಿನ ನಡಿಗೆಯೇ ಅದರ ಬಂಡವಾಳ. ಗದ್ದೆಯ ಬದು ಒಂದು ಕಡೆ ಕುಸಿದರೆ ಆ ದಿನವೇ ನಮ್ಮ ಕಣ್ಣಿಗೆ ಬೀಳುತ್ತದೆ. ಮನೆಯ ಮಗುವಿನ ಬೆನ್ನು ಒಂದು ಕಡೆಗೆ ವಾಲಿದ್ದು ಮಾತ್ರ ವರ್ಷ ಕಳೆದರೂ ತಿಳಿಯದೆ ಹೋಗುತ್ತದೆ. ಈ ಪಾಠದಲ್ಲಿ ಆ ವಿಷಯವನ್ನು ತಿಳಿಯೋಣ.

ಇದು ಎಂಥ ತೊಂದರೆ?

ಹಿಂದಿನಿಂದ ನೋಡಿದರೆ ಬೆನ್ನೆಲುಬು ನೆಟ್ಟಗೆ ಕಾಣಬೇಕು. ಕೆಲವು ಮಕ್ಕಳಲ್ಲಿ ಅದು ಪಕ್ಕಕ್ಕೆ ಬಾಗಿ, ಜೊತೆಗೆ ಸ್ವಲ್ಪ ತಿರುಚಿಕೊಳ್ಳುತ್ತದೆ. ವೈದ್ಯರು ಇದಕ್ಕೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಕ್ಷ-ಕಿರಣ ಚಿತ್ರದಲ್ಲಿ ಬಾಗು 10 ಡಿಗ್ರಿ ಅಥವಾ ಹೆಚ್ಚಿದ್ದರೆ ಮಾತ್ರ ಈ ಹೆಸರು. 10ರಿಂದ 16 ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 2-3 ಮಕ್ಕಳಿಗೆ ಇದು ಇರುತ್ತದೆ. ಚಿಕ್ಕ ಬಾಗು ಗಂಡು ಹೆಣ್ಣು ಇಬ್ಬರಲ್ಲೂ ಉಂಟು. ಅದು ಹೆಚ್ಚುತ್ತ ಹೋಗುವುದು ಬಹುಪಾಲು ಹೆಣ್ಣುಮಕ್ಕಳಲ್ಲಿ.

ಹೆಚ್ಚಿನವರಲ್ಲಿ ಕಾರಣ ಇಂಥದೇ ಎಂದು ಗೊತ್ತಾಗುವುದಿಲ್ಲ. ಕೆಲವು ಮನೆತನಗಳಲ್ಲಿ ಹೆಚ್ಚು ಕಾಣುತ್ತದೆ. ಪುಸ್ತಕದ ಚೀಲ ಹೊತ್ತದ್ದರಿಂದಾಗಲಿ, ಸೊಪ್ಪಿನ ಹೊರೆ ಹೊತ್ತದ್ದರಿಂದಾಗಲಿ, ವಾರೆಯಾಗಿ ಕುಳಿತದ್ದರಿಂದಾಗಲಿ ಇದು ಬರುವುದಿಲ್ಲ. ಆದುದರಿಂದ ಮಗುವನ್ನು ಗದರಿಸಬೇಡಿ. ತಾಯಿಯ ಮೇಲೂ ತಪ್ಪು ಹೊರಿಸಬೇಡಿ.

ಮನೆಯಲ್ಲೇ ಪರೀಕ್ಷೆ

ಮಗುವನ್ನು ಬರಿಗಾಲಿನಲ್ಲಿ, ಪಾದ ಜೋಡಿಸಿ ನಿಲ್ಲಿಸಿರಿ. ಮೊಣಕಾಲು ಮಡಿಸದೆ, ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಲು ಹೇಳಿರಿ. ಹಿಂದೆ ನಿಂತು ನೋಡಿರಿ. ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಎತ್ತರವಾಗಿ ಉಬ್ಬಿದೆಯೇ? ನೆಟ್ಟಗೆ ನಿಂತಾಗ ಒಂದು ಭುಜ ಮೇಲಿದೆಯೇ? ಲಂಗದ ಅಂಚು ಒಂದು ಕಡೆ ಇಳಿಯುತ್ತದೆಯೇ? ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಬೇಕು. ಹೆಣ್ಣುಮಕ್ಕಳನ್ನು ತಾಯಿಯೋ ಅಜ್ಜಿಯೋ ನೋಡಲಿ. ಶಾಲೆ ತೆರೆಯುವಾಗ ಒಮ್ಮೆ, ಸಂಕ್ರಾಂತಿಯ ಹೊತ್ತಿಗೆ ಒಮ್ಮೆ ನೋಡಿದರೆ ಸಾಕು.

ನಡಿಗೆಗೆ ಏನಾಗುತ್ತದೆ?

ಬಾಗು ಸಾಧಾರಣವಾಗಿದ್ದರೆ ನಡಿಗೆಯಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿರುವುದಿಲ್ಲ. ಒಳಗೆ ಮಾತ್ರ ಶ್ರಮ ಹೆಚ್ಚು. ಬೆಲ್ಜಿಯಂ ದೇಶದ ವೈದ್ಯರು ಇಂಥ ಹುಡುಗಿಯರನ್ನು ನಡೆಸಿ ಅಳೆದು ನೋಡಿದರು. ಹೆಜ್ಜೆ ಸ್ವಲ್ಪ ಗಿಡ್ಡ, ಸೊಂಟದ ಮತ್ತು ಭುಜದ ಆಟ ಕಡಿಮೆ. ಸೊಂಟದ ಸ್ನಾಯುಗಳು ಪ್ರತಿ ಹೆಜ್ಜೆಯಲ್ಲೂ ಹೆಚ್ಚು ಹೊತ್ತು ಬಿಗಿದುಕೊಂಡಿರುತ್ತವೆ. ಅಷ್ಟೇ ದಾರಿ ನಡೆಯಲು ಶೇಕಡಾ 30ರಷ್ಟು ಹೆಚ್ಚು ಶಕ್ತಿ ಖರ್ಚಾಗುತ್ತಿತ್ತು. ಏರು ಹತ್ತುವಾಗ ಮಗಳು ಬೇಗ ಸುಸ್ತಾದರೆ ಅದು ಸೋಮಾರಿತನವೇ ಎಂದು ತೀರ್ಮಾನಿಸಬಾರದು.

ಕಾಲು ಕುಂಟುತ್ತಿದ್ದರೆ ವಿಷಯ ಬೇರೆ. ಕಾಲಿನ ಉದ್ದದಲ್ಲಿ ವ್ಯತ್ಯಾಸ, ಸೊಂಟದ ಕೀಲಿನ ದೋಷ, ನರದ ತೊಂದರೆ ಇವುಗಳಲ್ಲಿ ಯಾವುದೂ ಇರಬಹುದು. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1975ರಲ್ಲಿ ಬೆಳಕಿಗೆ ಬಂದ ಎಲುಬು-ಕೀಲುಗಳ ಕಾಯಿಲೆಯ ಹೆಸರು ನಮ್ಮ ಸೀಮೆಯವರಿಗೆಲ್ಲ ಗೊತ್ತು. ಅದು ವಂಶದಲ್ಲಿ ಬರುವಂಥದು, ಅಂಟುರೋಗವಲ್ಲ. ಅದೂ ಬೆನ್ನಿನ ಈ ಬಾಗೂ ಬೇರೆ ಬೇರೆ. ಯಾವುದು ಎಂಬುದನ್ನು ವೈದ್ಯರು ಪರೀಕ್ಷಿಸಿಯೇ ಹೇಳಬೇಕು. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ, ಮೂತ್ರದ ಹತೋಟಿ ತಪ್ಪಿದರೆ ಒಂದು ದಿನವೂ ತಡಮಾಡಬಾರದು.

ಕವಚದಿಂದ ಏನು ಪ್ರಯೋಜನ?

ಎಳೆಯ ಅಡಿಕೆ ಸಸಿ ವಾಲಿದಾಗ ಗೂಟ ಕೊಟ್ಟು ಕಟ್ಟುತ್ತೇವೆ. ಬೆಳೆದು ನಿಂತ ಮರಕ್ಕೆ ಗೂಟ ಕೊಟ್ಟು ಫಲವಿಲ್ಲ. ಬೆನ್ನಿಗೆ ತೊಡಿಸುವ ಕವಚವೂ ಹೀಗೆಯೇ. ವೈದ್ಯರು ಇದನ್ನು ಬ್ರೇಸ್ ಎನ್ನುತ್ತಾರೆ. ಮಗು ಇನ್ನೂ ಬೆಳೆಯುತ್ತಿದ್ದು, ಬಾಗು ಸುಮಾರು 25ರಿಂದ 40 ಡಿಗ್ರಿ ಇರುವಾಗ ಇದನ್ನು ಕೊಡುತ್ತಾರೆ. ಇದು ಬಾಗನ್ನು ಪೂರ್ತಿ ನೆಟ್ಟಗೆ ಮಾಡುವುದಿಲ್ಲ, ಹೆಚ್ಚದಂತೆ ತಡೆಯುತ್ತದೆ.

ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯ ಫಲ 2013ರಲ್ಲಿ ಪ್ರಕಟವಾಯಿತು. ಕವಚ ತೊಟ್ಟ ನೂರು ಮಕ್ಕಳಲ್ಲಿ 72 ಮಕ್ಕಳ ಬಾಗು, ಬೆಳವಣಿಗೆ ಮುಗಿಯುವವರೆಗೂ, ಶಸ್ತ್ರಕ್ರಿಯೆಯ ಮಾತು ಬರುವ 50 ಡಿಗ್ರಿಯನ್ನು ಮುಟ್ಟಲಿಲ್ಲ. ತೊಡದೆ ಇದ್ದವರಲ್ಲಿ ಈ ಸಂಖ್ಯೆ 48 ಮಾತ್ರ. ದಿನಕ್ಕೆ 13 ಗಂಟೆಗಿಂತ ಹೆಚ್ಚು ತೊಟ್ಟವರಲ್ಲಿ ನೂರಕ್ಕೆ 90ರಷ್ಟು ಮಂದಿಗೆ ಗುಣ ಕಂಡಿತು. ಅಂದರೆ ಕವಚ ಕೊಂಡುತಂದು ಗೂಟಕ್ಕೆ ನೇತುಹಾಕಿದರೆ ಹಣ ದಂಡ.

ಕವಚ ತೊಟ್ಟಾಗ ನಡೆಯುವುದು ಮೊದಮೊದಲು ಬಿಗಿ ಎನಿಸುತ್ತದೆ. ತೊಟ್ಟಿರುವಾಗ ಸೊಂಟದ ಆಟ ಇನ್ನಷ್ಟು ಕಡಿಮೆಯಾಗುತ್ತದೆ. ಆರು ತಿಂಗಳು ಬಳಸಿದ ಹುಡುಗಿಯರನ್ನು ಬೆಲ್ಜಿಯಂನಲ್ಲಿ ಕವಚ ಬಿಚ್ಚಿ ನಡೆಸಿ ನೋಡಿದಾಗ ಸೊಂಟದ ಚಲನೆ ಹಿಂದಿಗಿಂತ ಸಲೀಸಾಗಿತ್ತು. ಸ್ನಾಯುಗಳ ಹೆಚ್ಚಿನ ದುಡಿತ ಮಾತ್ರ ಹಾಗೆಯೇ ಉಳಿದಿತ್ತು. ಕವಚವು ಎಲುಬನ್ನು ಕಾಯುತ್ತದೆ. ಸ್ನಾಯುವಿನ ಕೆಲಸವನ್ನು ಮಗುವೇ ಮಾಡಬೇಕು.

ವ್ಯಾಯಾಮ

ಜರ್ಮನಿಯ ಕಥರೀನಾ ಶ್ರೋಟ್ ಎಂಬಾಕೆಗೆ ಸ್ವತಃ ಬೆನ್ನು ಬಾಗಿತ್ತು. ಹರೆಯದಲ್ಲಿ ಉಕ್ಕಿನ ಕವಚ ತೊಟ್ಟವಳು. ಕನ್ನಡಿಯ ಮುಂದೆ ನಿಂತು ಬೆನ್ನನ್ನು ತಾನೇ ತಿದ್ದಿಕೊಳ್ಳುವುದು, ಕುಗ್ಗಿದ ಪಕ್ಕಕ್ಕೆ ಉಸಿರು ತುಂಬುವುದು ಇಂಥ ಕ್ರಮವನ್ನು ರೂಪಿಸಿ 1921ರಲ್ಲಿ ಇತರರಿಗೆ ಕಲಿಸತೊಡಗಿದಳು. ಆ ಕ್ರಮ ಇಂದಿಗೂ ಬಳಕೆಯಲ್ಲಿದೆ. ಒಬ್ಬರ ಬಾಗು ಇನ್ನೊಬ್ಬರದರಂತೆ ಇರುವುದಿಲ್ಲವಾದ್ದರಿಂದ ನೆರೆಮನೆಯ ಮಗುವನ್ನು ನೋಡಿ ಮಾಡಬಾರದು. ಆಸ್ಪತ್ರೆಯ ವ್ಯಾಯಾಮ ಚಿಕಿತ್ಸಕರಿಂದ ಕಲಿತು, ಮನೆಯಲ್ಲಿ ದಿನವೂ ಮಾಡಬೇಕು. ಬಾಗು ಕವಚ ಬೇಕಾಗುವಷ್ಟಿದ್ದರೆ ವ್ಯಾಯಾಮವೊಂದನ್ನೇ ನಂಬಿ ಕೂರಬಾರದು.

ಮಗುವನ್ನು ಹಾಸಿಗೆಯಲ್ಲಿ ಕೂರಿಸಬೇಡಿ. ಶಾಲೆಗೆ ನಡೆಯಲಿ, ಆಟ ಆಡಲಿ. ಆಟಕ್ಕೂ ಸ್ನಾನಕ್ಕೂ ಕವಚ ಬಿಚ್ಚಬಹುದೇ ಎಂದು ವೈದ್ಯರನ್ನು ಕೇಳಿಕೊಳ್ಳಿ. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಕಷ್ಟ. ಕವಚದ ಒಳಗೆ ತೊಡಲು ಸುಕ್ಕಿಲ್ಲದ ಹತ್ತಿ ಬನಿಯನ್ನುಗಳು ನಾಲ್ಕಾರು ಇರಲಿ. ಒದ್ದೆಯಾದದ್ದನ್ನು ಕೂಡಲೇ ಬದಲಿಸಿ. ಚರ್ಮ ಕೆಂಪಾಗಿ ಮಾಸದೆ ಉಳಿದರೆ ಕವಚವನ್ನು ಸರಿಪಡಿಸಿಸಬೇಕು.

ಎಲ್ಲಿ ತೋರಿಸಬೇಕು?

ಮೊದಲು ಆಶಾ ಕಾರ್ಯಕರ್ತೆಗೆ ತಿಳಿಸಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡದವರಿಗೂ ಹೇಳಬಹುದು. ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಎಲುಬಿನ ವಿಭಾಗಕ್ಕೆ ಚೀಟಿ ಪಡೆಯಿರಿ. ಘಟ್ಟದ ಕೆಳಗೆ ಮಣಿಪಾಲವೂ ಇದೆ. ಎಣ್ಣೆ ಹಚ್ಚಿ ನೀವಿಸಿದರೆ ನೋವು ತಗ್ಗೀತು, ಬಾಗು ಹೋಗದು. ನೀವಿಸುತ್ತ ಕಳೆದ ವರ್ಷವೇ ಮಗು ಬೇಗಬೇಗ ಬೆಳೆಯುವ ವರ್ಷವಾಗಿದ್ದರೆ, ಹೋದ ಸಮಯ ಮರಳಿ ಬರುವುದಿಲ್ಲ.

ಮಗಳ ಮದುವೆಗೆ ಅಡ್ಡಿಯಾದೀತೆಂದು ಬೆನ್ನನ್ನು ಮುಚ್ಚಿಡುವ ಮನೆಗಳುಂಟು. ಮುಚ್ಚಿಟ್ಟದ್ದು ಬೆಳೆಯುತ್ತದೆ, ತೋರಿಸಿದ್ದು ನಿಲ್ಲುತ್ತದೆ. ಇಂದು ಸಂಜೆ ದೀಪ ಹಚ್ಚಿದ ಮೇಲೆ ನಿಮ್ಮ ಮಕ್ಕಳನ್ನು ಒಮ್ಮೆ ಬಗ್ಗಿಸಿ ನೋಡಿರಿ. ಖರ್ಚು ಏನೂ ಇಲ್ಲ, ಬೇಕಾದದ್ದು ಎರಡು ನಿಮಿಷ ಮಾತ್ರ.